ಐದು ಕಿಲೋ ಗೂಡು ಖಾಲಿ

“ಕೆಳಗಿಡ್ರಿ ಆ ಪೆಟ್ಟಿಗೆ.”

“ಇದು ಕಂಪನಿ ಸ್ವತ್ತಮ್ಮಾ.”

“ಯಾರಪ್ಪನ ಸ್ವತ್ತಾದ್ರೂ ಆಗ್ಲಿ. ಕೆಳಗಿಡಿ ಅಂದ್ರೆ ಕೆಳಗಿಡಿ.”

“ನೀನು ಯಾರು ನನ್ನ ಕೇಳೋಕೆ? ಗೇಟು ಕಾಯೋಳು ಗೇಟು ಕಾಯಿ.”

“ಅದನ್ನೇ ಮಾಡ್ತಿದೀನಿ. ಗೇಟಿನ ಬೀಗದ ಕೈ ನನ್ನ ಸೊಂಟದಲ್ಲಿದೆ. ಪಟ್ಟಿ ಮುಗಿಯೋವರೆಗೂ ನೀವೂ ಆಚೆ ಹೋಗಲ್ಲ, ನಿಮ್ಮ ಪೆಟ್ಟಿಗೇನೂ ಹೋಗಲ್ಲ. ಹಾರಿ ಹೋಗ್ತೀನಿ ಅಂದ್ರೆ ಹೋಗಿ, ಮೇಲೆ ಮುಳ್ಳುತಂತಿ ಇದೆ. ಪ್ಯಾಂಟು ಜೋಪಾನ.”

ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಅಪಘಾತದಲ್ಲಿ ಜಜ್ಜಿಹೋದ ಗಾಡಿಗಳನ್ನು ಎಳೆದು ತಂದು ನಿಲ್ಲಿಸುವ ಬಯಲು ಇದು. ಸುತ್ತ ತಗಡಿನ ಬೇಲಿ, ನೆಲದ ತುಂಬ ಗಾಜಿನ ಚೂರು. ನಡುವೆ ಒಂದು ಸಣ್ಣ ವ್ಯಾನು ನಿಂತಿದೆ, ಮೂತಿಯೇ ಇಲ್ಲ. ಅದನ್ನು ಓಡಿಸುತ್ತಿದ್ದವನು ಹಿಂದಿನ ಸಂಜೆ ಸತ್ತಿದ್ದಾನೆ. ಅಂಗಡಿಯಿಂದ ಅಂಗಡಿಗೆ ಸುತ್ತಿ ತೂಕದ ಯಂತ್ರ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್. ಅವನ ಹೆಣ ಇನ್ನೂ ಆಸ್ಪತ್ರೆಯಲ್ಲಿದೆ, ಹೆಂಡತಿ ಆಸ್ಪತ್ರೆಯ ಬೆಂಚಿನ ಮೇಲಿದ್ದಾಳೆ. ಕಂಪನಿಯ ಮೇಲ್ವಿಚಾರಕ ಮಾತ್ರ ಸೆಂಟು ಹಾಕಿಕೊಂಡು, ತಲೆ ಬಾಚಿಕೊಂಡು, ಕೋಳಿ ಕೂಗುವ ಹೊತ್ತಿಗೆ ಇಲ್ಲಿ ಹಾಜರಾಗಿದ್ದಾನೆ. ಆಸ್ಪತ್ರೆಗೆ ಹೋಗಿಲ್ಲ. ಮೊದಲು ಬಂದದ್ದು ಪೆಟ್ಟಿಗೆಗೆ.

ಅವನಿಗೆ ಅಡ್ಡ ನಿಂತ ಹೆಂಗಸಿಗೆ ವಯಸ್ಸು ಐವತ್ತನಾಲ್ಕು. ಗಂಡಸರ ಅಂಗಿ, ಕಾಲಿಗೆ ದಪ್ಪ ರಬ್ಬರ್ ಬೂಟು, ಕಿವಿಯ ಸಂದಿಯಲ್ಲಿ ಪೆನ್ನು. ಕ್ರೇನಿನವರಿಂದ ಹಿಡಿದು ಪೊಲೀಸರವರೆಗೆ ಎಲ್ಲರೂ ಕರೆಯುವುದು ಪಟ್ಟಿಯಕ್ಕ ಎಂದೇ. ಅವರಿಗೆ ಸಂಬಳ ಸಿಗುವುದು ಗೇಟು ತೆಗೆದು ಮುಚ್ಚುವುದಕ್ಕೆ, ಗಾಜು ಗುಡಿಸುವುದಕ್ಕೆ, ಬೀಗದ ಕೈ ಕಾಯುವುದಕ್ಕೆ. ಗಾಡಿಯಲ್ಲಿ ಸಿಕ್ಕ ಸಾಮಾನಿನ ಪಟ್ಟಿ ಬರೆಯುವುದಕ್ಕೆ ಯಾರೂ ಒಂದು ಕಾಸು ಕೊಡುವುದಿಲ್ಲ. ಬರೆಯಿರಿ ಎಂದು ಯಾರೂ ಹೇಳಿಯೂ ಇಲ್ಲ.

ಕೊನೆಗೆ ಮೇಲ್ವಿಚಾರಕ ಪೆಟ್ಟಿಗೆಯನ್ನು ಪಕ್ಕದ ಕಾರಿನ ಬಾನೆಟ್ಟಿನ ಮೇಲೆ ಕುಕ್ಕುತ್ತಾನೆ. ಪಟ್ಟಿಯಕ್ಕ ಎರಡು ಹಾಳೆಯ ನಡುವೆ ಕಾರ್ಬನ್ನು ಸಿಕ್ಕಿಸಿಕೊಂಡು ಶುರು ಮಾಡುತ್ತಾರೆ. ಮುಂದಿನ ಸೀಟು: ನೀರಿನ ಬಾಟಲಿ ಒಂದು, ಅರ್ಧ ಖಾಲಿ. ಬಾಚಣಿಗೆ ಒಂದು, ಎರಡು ಹಲ್ಲು ಮುರಿದಿದೆ. ಬಿಸ್ಕತ್ತು ಪೊಟ್ಟಣ, ಮೂರು ಉಳಿದಿದೆ. ಹಿಂದೆ: ತಂತಿ ಬಿಚ್ಚಿದ ಹಸಿರು ಬೋರ್ಡು ಒಂದು, ಪ್ಲಾಸ್ಟಿಕ್ ಚೀಲದಲ್ಲಿ. ಸ್ಕ್ರೂಡ್ರೈವರು ಏಳು. ಮರದ ಪೆಟ್ಟಿಗೆ ಒಂದು, ಒಳಗೆ ತೂಕದ ಕಲ್ಲು. ಕಬ್ಬಿಣದ್ದೇ ಆದರೂ ಆ ಕಸುಬಿನವರ ಬಾಯಲ್ಲಿ ಅದು ಕಲ್ಲೇ. ಯಂತ್ರ ಸರಿ ತೂಗುತ್ತದೋ ಇಲ್ಲವೋ ನೋಡಲು ಈ ಕಲ್ಲುಗಳು ಬೇಕು. ಪೆಟ್ಟಿಗೆಯಲ್ಲಿ ಒಂದೊಂದು ಕಲ್ಲಿಗೂ ಅದರದೇ ಅಳತೆಯ ಗೂಡು. ಪಟ್ಟಿಯಕ್ಕ ಬೆರಳಿಟ್ಟು ಎಣಿಸುತ್ತಾರೆ, ಬರೆಯುತ್ತಾರೆ: “ಐದು ಕಿಲೋ ಗೂಡು ಖಾಲಿ.”

ಮೇಲ್ವಿಚಾರಕನ ಮುಖ ಅರಳುತ್ತದೆ. “ನೋಡಿದ್ಯಾ? ಕಲ್ಲು ಮಾರ್ಕೊಂಡಿದಾನೆ. ಇಂಥವನಿಗೆ ನೀನು ಕಾವಲು.”

ಅಷ್ಟು ಹೊತ್ತಿಗೆ ಗೇಟಿನ ಹತ್ತಿರ ಸತ್ತವನ ಅಣ್ಣ ಬಂದು ನಿಂತಿದ್ದಾರೆ. ಆಸ್ಪತ್ರೆಯಿಂದ ನೇರವಾಗಿ ಬಂದದ್ದು. ಕಸುಬಿನಲ್ಲಿ ದರ್ಜಿ. ತಂದೆ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ತುಳಿದು ತಮ್ಮನನ್ನು ಸಾಕಿ, ಓದಿಸಿ, ಕೆಲಸಕ್ಕೆ ಹಚ್ಚಿದವರು. ಆ ಮಾತು ಅವರ ಕಿವಿಗೆ ಬಿದ್ದೇ ಬಿಡುತ್ತದೆ. ಪಟ್ಟಿ ಮುಗಿದ ಮೇಲೆ ಪಟ್ಟಿಯಕ್ಕ ಪೆಟ್ಟಿಗೆಯನ್ನೂ ಪಟ್ಟಿಯ ನಕಲನ್ನೂ ಅವರ ಕೈಗೇ ಕೊಡುತ್ತಾರೆ.

ಇದಾಗಿ ಐದು ತಿಂಗಳು.

ಪಟ್ಟಿ ಯಾಕೆ ಬೇಕು ಎನ್ನುವುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಿಲ್ಲ, ಗೊತ್ತಿರುವವರು ಹೇಳುವುದಿಲ್ಲ. ಕೆಲಸ ಮಾಡುತ್ತ ಸತ್ತವನ ಮನೆಯವರಿಗೆ ಪರಿಹಾರ ಸಿಗಬೇಕು. ಕಾರ್ಖಾನೆಯ ಒಳಗೆ ಸತ್ತರೆ ಜಗಳ ಕಡಿಮೆ, ಗೋಡೆಯೇ ಸಾಕ್ಷಿ. ಆದರೆ ರಸ್ತೆಯೇ ಕೆಲಸದ ಜಾಗವಾದವರ ಕಥೆ ಬೇರೆ. ಊರೂರು ಸುತ್ತಿ ಮಾಲು ತೋರಿಸುವವರು, ಮನೆಮನೆಗೆ ಹೋಗುವ ನರ್ಸು, ಯಂತ್ರ ರಿಪೇರಿಯವರು. ಇವರು ಕೆಲಸದ ಮೇಲೆ ಓಡಾಡುವಷ್ಟು ಹೊತ್ತೂ ಕೆಲಸದಲ್ಲಿದ್ದಂತೆಯೇ ಲೆಕ್ಕ. ಸ್ವಂತ ಕೆಲಸಕ್ಕೆ ಗಾಡಿ ತಿರುಗಿಸಿದ್ದರೆ ಮಾತ್ರ ಇಲ್ಲ. ಹಾಗಾಗಿ ಸತ್ತ ಮರುದಿನದಿಂದ ಒಂದೇ ಪ್ರಶ್ನೆ: ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಅವನಿಗೇನು ಕೆಲಸ? ಸತ್ತವನು ಉತ್ತರ ಕೊಡುವುದಿಲ್ಲ. ಗಾಡಿಯಲ್ಲಿದ್ದ ಸಾಮಾನು ಕೊಡಬೇಕು. ಆ ಸಾಮಾನನ್ನೇ ‘ಕಂಪನಿ ಸ್ವತ್ತು’ ಎಂದು ಮೊದಲ ದಿನವೇ ಎತ್ತಿಕೊಂಡು ಹೋದರೆ ಕಥೆ ಮುಗಿಯಿತು. ಪೊಲೀಸರು ಗಾಡಿಯ ನಂಬರು ಬರೆದುಕೊಳ್ಳುತ್ತಾರೆ, ಎಲ್ಲಿ ಜಜ್ಜಿದೆ ಎಂದು ಬರೆದುಕೊಳ್ಳುತ್ತಾರೆ. ಬಿಸ್ಕತ್ತು ಎಷ್ಟು ಉಳಿದಿದೆ ಎಂದು ಯಾರು ಬರೆಯುತ್ತಾರೆ?

ಪಟ್ಟಿಯಕ್ಕ ಈ ಬಯಲಿಗೆ ಬಂದು ಹನ್ನೆರಡು ವರ್ಷ. ಪಟ್ಟಿ ಬರೆಯಲು ಶುರು ಮಾಡಿ ಹನ್ನೊಂದು. ಮೊದಲ ವರ್ಷ ಏನಾಯಿತು ಎಂದು ಕೇಳಿದರೆ ಅವರು ಸ್ವಲ್ಪ ಹೊತ್ತು ಬೂಟಿನ ತುದಿಯಿಂದ ಗಾಜಿನ ಚೂರು ಒಟ್ಟು ಮಾಡುತ್ತಾರೆ. ಆಮೇಲೆ ಹೇಳುತ್ತಾರೆ. “ಔಷಧಿ ಕಂಪನಿಯ ಒಬ್ಬ ಹುಡುಗ ಸತ್ತಿದ್ದ. ಕಂಪನಿಯವರು ಬಂದು ಬ್ಯಾಗು ಕೇಳಿದ್ರು. ನಾನೇ ಎತ್ತಿ ಕೊಟ್ಟೆ. ಹಿಡಿ ಸಡಿಲ ಆಗಿದೆ, ಜೋಪಾನವಾಗಿ ಹಿಡ್ಕೊಳ್ಳಿ ಸಾರ್ ಅಂತ ಬೇರೆ ಹೇಳಿದೆ. ತಿಂಗಳಾದ ಮೇಲೆ ಅವನ ಹೆಂಡತಿ ಬಂದ್ಲು. ಬ್ಯಾಗಿನಲ್ಲಿ ಅವತ್ತು ಯಾವ್ಯಾವ ಡಾಕ್ಟರನ್ನ ನೋಡಬೇಕು ಅಂತ ಚೀಟಿ ಇತ್ತಕ್ಕ, ಎಲ್ಲಿ ಅಂದ್ಲು. ಏನು ಹೇಳ್ಲಿ? ಅವಳಿಗೆ ಏನೂ ಸಿಗಲಿಲ್ಲ. ಚೀಟಿ ಇತ್ತು ಅನ್ನೋದು ಅವಳ ಬಾಯಿಮಾತು ಅಂದ್ರಂತೆ. ಅದು ನನ್ನ ಕೈಯಿಂದಲೇ ಹೋಗಿದ್ದು.”

ಮರುದಿನ ಅವರು ಒಂದು ನೋಟುಬುಕ್ಕು, ಒಂದು ಡಬ್ಬ ಕಾರ್ಬನ್ನು ಕೊಂಡರು. ಓದಿದ್ದು ಐದನೇ ತರಗತಿ. ಅಕ್ಷರ ದೊಡ್ಡ ದೊಡ್ಡದು, ಗೆರೆ ಬಿಟ್ಟು ಆಚೆ ಹೋಗುತ್ತದೆ, ಆದರೆ ಯಾರು ಬೇಕಾದರೂ ಓದಬಹುದು. ಇವತ್ತಿಗೆ ಇಪ್ಪತ್ತೇಳು ನೋಟುಬುಕ್ಕು ತುಂಬಿವೆ. ಕಾವಲು ಗೂಡಿನಲ್ಲಿ, ಮಳೆನೀರು ತಾಗದ ಹಾಗೆ, ಎಣ್ಣೆಯ ಹಳೆಯ ತಗಡಿನ ಡಬ್ಬಿಗಳಲ್ಲಿ ಅವುಗಳನ್ನು ಇಟ್ಟಿದ್ದಾರೆ. ವಾರಕ್ಕೆ ನಾಲ್ಕೈದು ಗಾಡಿ ಬರುತ್ತವೆ. ಒಂದೊಂದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕೈಗೆ ಗಾಜು ಚುಚ್ಚದ ವಾರವಿಲ್ಲ. ಈ ಹನ್ನೊಂದು ವರ್ಷದಲ್ಲಿ ಕೆಲಸದ ಮೇಲಿದ್ದು ಸತ್ತವರ ಗಾಡಿಗಳು ಎಪ್ಪತ್ಮೂರು. ಅದರಲ್ಲಿ ಪರಿಹಾರ ಸಿಕ್ಕ ಮನೆಗಳು ನಲವತ್ತೊಂದು. ಈ ಲೆಕ್ಕವನ್ನು ಅವರು ಪುಸ್ತಕ ನೋಡದೆ ಹೇಳುತ್ತಾರೆ. ಸಿಗದ ಮೂವತ್ತೆರಡನ್ನೂ ಹೇಳುತ್ತಾರೆ.

ಮನೆಮನೆಗೆ ಹೋಗುತ್ತಿದ್ದ ಒಬ್ಬ ನರ್ಸಿನ ಕಾರು ಮರಕ್ಕೆ ಬಡಿದಿತ್ತು. ಡ್ಯೂಟಿ ಮುಗಿಸಿ ಹೊರಟಿದ್ದಳು, ನಮಗೆ ಸಂಬಂಧವಿಲ್ಲ ಎಂದರು ಕೆಲಸ ಕೊಟ್ಟವರು. ಪಟ್ಟಿಯಕ್ಕನ ಹಾಳೆಯಲ್ಲಿ ಹೀಗಿತ್ತು: “ರಕ್ತ ತುಂಬಿದ ಗಾಜಿನ ಕೊಳವೆ ಒಂದು, ಒಡೆದಿಲ್ಲ, ಮೇಲೆ ಚೀಟಿ, ಟೈಮು ನಾಲ್ಕೂವರೆ.” ಆ ರಕ್ತವನ್ನು ಲ್ಯಾಬಿಗೆ ಮುಟ್ಟಿಸುವುದು ಬಾಕಿಯಿತ್ತು. ನರ್ಸಿನ ತಾಯಿಗೆ ಪರಿಹಾರ ಸಿಕ್ಕಿತು.

ಇನ್ನೊಂದು ಸಲ ಒಬ್ಬ ಸೇಲ್ಸ್‌ಮನ್ನಿನ ಅಂಗಿಜೇಬಿನಿಂದ ಬಿದ್ದ ಸಿನಿಮಾ ಟಿಕೆಟ್ಟು ಸೀಟಿನ ಕೆಳಗೆ ಸಿಕ್ಕಿತು. ಅವತ್ತಿನ ಮಧ್ಯಾಹ್ನದ ಆಟ, ಬೇರೆಯೇ ಊರು. ಅದನ್ನೂ ಬರೆದರು. ಕೇಸು ಬಿದ್ದುಹೋಯಿತು. ಸತ್ತವನ ಮಾವ ಗೇಟಿಗೆ ಬಂದು ಉಗಿದು ಹೋದ. “ಒಂದು ಚೂರು ಕಾಗದ, ಬಾಯಿಗೆ ಹಾಕ್ಕೊಂಡು ನುಂಗೋಕಾಗ್ತಿರಲಿಲ್ವಾ ನಿಂಗೆ?” ಎಂದ. ಆ ರಾತ್ರಿ ಊಟ ಮಾಡಲಿಲ್ಲ ಎನ್ನುತ್ತಾರೆ ಪಟ್ಟಿಯಕ್ಕ. “ನುಂಗಬಹುದಿತ್ತು. ಆದ್ರೆ ಆಮೇಲೆ ನನ್ನ ಪಟ್ಟೀನ ಯಾರು ನಂಬ್ತಾರೆ? ಒಳಗೆ ಇದ್ದದ್ದು ಬರೀತೀನಿ. ಇಲ್ಲದ್ದನ್ನೂ ಬರೀತೀನಿ.”

ಇಲ್ಲದ್ದನ್ನು ಬರೆದದ್ದೇ ಈಗ ತೂಕದ ಮೆಕ್ಯಾನಿಕ್‌ನ ಮನೆಗೆ ಉಳಿದಿರುವ ಒಂದೇ ಆಧಾರ.

ಕಂಪನಿಯ ವಾದ ಸಲೀಸಾಗಿದೆ. ಅವತ್ತಿನ ಚೀಟಿಯಲ್ಲಿದ್ದ ಅಂಗಡಿಗಳೆಲ್ಲ ಮಧ್ಯಾಹ್ನ ಮೂರಕ್ಕೆ ಮುಗಿದಿವೆ. ಅವನು ಮನೆಗೆ ಹೋಗಿದ್ದಾನೆ. ಮನೆಗೆ ಹೋದ ಮೇಲೆ ಕೆಲಸ ಮುಗಿಯಿತು. ಸಂಜೆ ಏಳಕ್ಕೆ ಊರಾಚೆಯ ರಸ್ತೆಯಲ್ಲಿ, ಮನೆಗೆ ಬೆನ್ನು ಹಾಕಿ ಹೋಗುತ್ತಿದ್ದಾಗ ಲಾರಿ ಗುದ್ದಿದೆ. ಅದೇ ರಸ್ತೆಯಲ್ಲಿ ಹೆಂಡತಿಯ ತವರುಮನೆ ಇದೆ. ಅಲ್ಲಿಗೆ ಹೊರಟಿದ್ದ. ವ್ಯಾನಿನಲ್ಲಿದ್ದ ಬೋರ್ಡು? ಅಂಥ ಹಳೇ ಬೋರ್ಡು ಅವನ ಗಾಡಿಯಲ್ಲಿ ಯಾವಾಗಲೂ ಇರುತ್ತದೆ. ಪರಿಹಾರ ಇಲ್ಲ.

ಹೆಂಡತಿ ಹೇಳುವುದು ಬೇರೆ. ಇಪ್ಪತ್ತನೇ ದಿನ ಅವಳು ಪಟ್ಟಿಯ ನಕಲು ಹಿಡಿದುಕೊಂಡು ಪಟ್ಟಿಯಕ್ಕನ ಹತ್ತಿರ ಬಂದಳು. “ಅಕ್ಕಾ, ಇದು ಸುಳ್ಳಾ? ಐದು ಕಿಲೋ ಕಲ್ಲು ಇರಲಿಲ್ವಾ ನಿಜವಾಗ್ಲೂ?”

“ಇರಲಿಲ್ಲ ತಂಗಿ. ಬೆರಳಿಟ್ಟು ನೋಡಿದೀನಿ.”

“ಹಾಗಾದ್ರೆ ಅವರು ಅಂಗಡಿಗೆ ವಾಪಸ್ ಹೋಗ್ತಿದ್ರು ಅಕ್ಕಾ! ಯಾರ ಮಷೀನಾದ್ರೂ ಬಿಚ್ಚಿ ಬೋರ್ಡು ತಗೊಂಡು ಬಂದ್ರೆ, ಅಲ್ಲೊಂದು ಕಲ್ಲು ಇಟ್ಟು ಬರೋರು. ನಿಮ್ಮ ಬೋರ್ಡು ನನ್ನ ಹತ್ರ, ನನ್ನ ಕಲ್ಲು ನಿಮ್ಮ ಹತ್ರ ಅಂತ. ಐದು ಕಿಲೋ ಕಲ್ಲಿಲ್ಲದೆ ಬೇರೆ ಯಾವ ಮಷೀನೂ ಮುಟ್ಟೋ ಹಾಗಿಲ್ಲ. ಹಾಗಾಗಿ ಖಂಡಿತ ಬರ್ತಾನೆ ಅಂತ ಅಂಗಡಿಯವರಿಗೆ ಧೈರ್ಯ. ಅವತ್ತು ಅಡುಗೆಮನೇಲಿ ಕೂತು ಬೋರ್ಡಿಗೆ ಬೆಸುಗೆ ಹಾಕಿದ್ರು. ಅಂಗಡಿಯವನು ಕಾಯ್ತಿರ್ತಾನೆ ಅಂತ ಚಹಾ ಕೂಡ ಕುಡೀಲಿಲ್ಲ.”

ಪಟ್ಟಿಯಕ್ಕ ಎದ್ದು ನಿಂತುಬಿಟ್ಟರು. “ಪೆಟ್ಟಿಗೆ ಎಲ್ಲಿದೆ? ನಿನ್ನ ಭಾವನ ಕೈಗೆ ಕೊಟ್ಟಿದ್ದೆನಲ್ಲ. ಗೂಡು ಖಾಲಿ ಇರೋ ಹಾಗೇ ಪರಿಹಾರದ ಅಧಿಕಾರಿಗೆ ತೋರಿಸೋಣ.”

ಅವಳು ತಲೆ ತಗ್ಗಿಸಿದಳು. ಅಣ್ಣ ಅನ್ನಿಸಿಕೊಂಡವರು ಏನು ಮಾಡಿದ್ದರು ಗೊತ್ತೇ? ತಮ್ಮ ಕಳ್ಳ ಎಂಬ ಮಾತು ಕೇಳಿದ ದಿನವೇ ಪೇಟೆಗೆ ಹೋಗಿ ಒಂದು ಐದು ಕಿಲೋ ಕಲ್ಲು ಕೊಂಡಿದ್ದರು. ಹೊಸದು ಹೊಳೆಯುತ್ತದೆ ಎಂದು ಅದಕ್ಕೆ ಎಣ್ಣೆ, ಮಸಿ ಬಳಿದು ಹಳತು ಮಾಡಿದ್ದರು. ಖಾಲಿ ಗೂಡಿನಲ್ಲಿ ಕೂರಿಸಿ, ಪೆಟ್ಟಿಗೆಯನ್ನು ಕಂಪನಿಗೆ ಹೊತ್ತುಕೊಂಡು ಹೋಗಿ, ಎಣಿಸಿಕೊಳ್ಳಿ ಎಂದು ಎಲ್ಲರೆದುರು ಮೇಜಿನ ಮೇಲೆ ಇಟ್ಟಿದ್ದರು. ಮೇಲ್ವಿಚಾರಕ ಎಣಿಸಿಕೊಂಡ. ಒಂದು ಕಾಗದ ಬರೆದ: ಗಾಡಿಯಲ್ಲಿ ಸಿಕ್ಕ ಪೆಟ್ಟಿಗೆಯಲ್ಲಿ ಎಲ್ಲ ಕಲ್ಲುಗಳೂ ಸರಿಯಾಗಿದ್ದವು. ದರ್ಜಿ ಎದೆಯುಬ್ಬಿಸಿ ಸಹಿ ಹಾಕಿದರು.

ತಮ್ಮನ ಮಾನ ಉಳಿಯಿತು. ತಮ್ಮನ ಮನೆ ಮುಳುಗಿತು.

ಪಟ್ಟಿಯಕ್ಕ ಸುಮ್ಮನೆ ಕೂರುವವರಲ್ಲ. ರಜೆಯ ದಿನ ಹೆಂಡತಿಯನ್ನು ಕರೆದುಕೊಂಡು ಆ ರಸ್ತೆಯ ಅಂಗಡಿಗಳನ್ನೆಲ್ಲ ಹತ್ತಿ ಇಳಿದರು. ಹದಿನಾಲ್ಕನೆಯದು ಒಂದು ಧಾನ್ಯದ ಅಂಗಡಿ. ಮಾಲೀಕ ಒಪ್ಪಿಕೊಂಡ. ಮಧ್ಯಾಹ್ನ ಹೋಗುತ್ತಿದ್ದ ವ್ಯಾನಿಗೆ ಕೈ ಅಡ್ಡ ಹಾಕಿ ನಿಲ್ಲಿಸಿದವನು ಅವನೇ. ಬೋರ್ಡು ಬಿಚ್ಚಿಸಿ ಕೊಟ್ಟವನೂ ಅವನೇ. ಕಲ್ಲು? “ಮೂರೇ ದಿನಕ್ಕೆ ಕಂಪನಿಯವರು ಬಂದ್ರಲ್ಲ. ಹೊಸ ಬೋರ್ಡು ಹಾಕಿಕೊಟ್ರು, ಕಲ್ಲು ತಗೊಂಡು ಹೋದ್ರು.” ವಿಚಾರಣೆಗೆ ಬಂದು ಅಷ್ಟನ್ನೇ ಹೇಳಿ ಎಂದರೆ ಅವನು ಗಿರಾಕಿಗಳ ಕಡೆ ನೋಡುತ್ತ ದನಿ ಇಳಿಸಿದ. “ನಾನು ವ್ಯಾಪಾರದವನು ತಾಯಿ. ಮಷೀನು ಅವರದು. ನನ್ನನ್ನ ಎಳೀಬೇಡಿ.” ಈಗ ಪೆಟ್ಟಿಗೆ ತರಿಸಿ ನೋಡಿದರೂ ಪ್ರಯೋಜನವಿಲ್ಲ. ದರ್ಜಿಯ ಕಲ್ಲು ಆಚೆ ಹೋಗಿ, ನಿಜವಾದ ಕಲ್ಲು ತನ್ನ ಗೂಡು ಸೇರಿಕೊಂಡಿರುತ್ತದೆ.

ಹಾಗಾಗಿ ಉಳಿದದ್ದು ಎರಡು: ಪಟ್ಟಿಯಕ್ಕನ ಹಾಳೆ, ಮತ್ತು ದರ್ಜಿಯ ಬಾಯಿ.

ವಿಚಾರಣೆಯ ದಿನ ಪಟ್ಟಿಯಕ್ಕ ಎಂದಿನಂತೆ ಐದೂವರೆಗೆ ಬಯಲಿಗೆ ಬಂದು, ಹಿಂದಿನ ರಾತ್ರಿ ಬಂದ ಒಂದು ಕಾರಿನ ಪಟ್ಟಿ ಮುಗಿಸಿ, ಬೂಟು ಬಿಚ್ಚಿ ಚಪ್ಪಲಿ ಹಾಕಿಕೊಂಡು ಹೊರಡುತ್ತಾರೆ. ಕ್ರೇನಿನ ಸಾಹುಕಾರರು ಅರ್ಧ ದಿನದ ಸಂಬಳ ಹಿಡಿಯುತ್ತೇನೆ ಎಂದಿದ್ದಾರೆ. ಹಿಡಿಯಲಿ ಎನ್ನುತ್ತಾರೆ ಇವರು. ಬಸ್ಸಿನಲ್ಲಿ, ನಿಮಗೆ ಏನಾದರೂ ಆಸೆ ಇದೆಯೇ ಎಂದರೆ ನಗುತ್ತಾರೆ. “ಆಸೆಯಾ? ಗಾಡಿ ಎಳ್ಕೊಂಡು ಬರೋರು ಒಂದು ತಾಡಪಾಲು ಹೊದಿಸಿ ತರಲಿ. ಗಾಳಿಗೆ ಚೀಟಿಗಳು ಹಾರಿಹೋಗ್ತವೆ. ದಾರೀಲಿ ಬಿದ್ದದ್ದನ್ನ ನಾನು ಹೇಗೆ ಬರೀಲಿ? ಕೇಳಿ ಕೇಳಿ ಸಾಕಾಯ್ತು. ತಾಡಪಾಲಿಗೆ ದುಡ್ಡು ಯಾರು ಕೊಡ್ತಾರೆ ಅಂತಾರೆ.”

ಪರಿಹಾರದ ಕಚೇರಿ ಎರಡನೇ ಮಹಡಿಯಲ್ಲಿದೆ. ಗೋಡೆಗೆ ಹಸಿರು ಬಣ್ಣ, ಬೆಂಚುಗಳ ಮೇಲೆ ಕೂತು ಕೂತು ನುಣುಪಾದ ಜಾಗ. ಪಟ್ಟಿಯಕ್ಕನನ್ನು ಮೊದಲು ಕರೆಯುತ್ತಾರೆ. ಕಂಪನಿಯ ವಕೀಲ ಕೇಳುವುದು ಒಂದೇ: “ಪಟ್ಟಿ ಮಾಡೋ ಅಧಿಕಾರ ನಿಮಗೆ ಯಾರು ಕೊಟ್ಟರು?”

“ಯಾರೂ ಕೊಟ್ಟಿಲ್ಲ ಸ್ವಾಮಿ. ಎಣಿಸೋಕೆ ಅಧಿಕಾರ ಯಾಕೆ? ಬೆರಳಿದ್ರೆ ಸಾಕು.”

“ಎಲ್ಲ ಕಲ್ಲೂ ಇತ್ತು ಅಂತ ಸತ್ತವನ ಸ್ವಂತ ಅಣ್ಣನೇ ಸಹಿ ಮಾಡಿದಾನೆ. ಹಾಗಾದ್ರೆ ಅವನು ಸುಳ್ಳುಗಾರನಾ, ನೀವಾ?”

ಪಟ್ಟಿಯಕ್ಕ ಹೇಳುತ್ತಾರೆ: “ಅದನ್ನ ಅವರೇ ಬಂದು ಹೇಳ್ತಾರೆ.”

ಅಧಿಕಾರಿ ಕೆಟ್ಟವರಲ್ಲ. ಪಟ್ಟಿಯಕ್ಕನ ಪಟ್ಟಿಗಳನ್ನು ಈ ಹಿಂದೆ ನೋಡಿದ್ದಾರೆ, ಸಿನಿಮಾ ಟಿಕೆಟ್ಟಿನದನ್ನೂ ನೋಡಿದ್ದಾರೆ. ಕನ್ನಡಕ ತೆಗೆದು ಹೇಳುತ್ತಾರೆ: “ಸಹಿ ಮಾಡಿದವರು ಬಂದು, ಕಲ್ಲು ನಾನೇ ತಂದು ಇಟ್ಟೆ ಅಂದ್ರೆ ಸಾಕು, ನಿಮ್ಮ ಪಟ್ಟಿ ನಿಲ್ಲುತ್ತೆ. ಇಲ್ಲದಿದ್ರೆ ನನ್ನ ಕೈ ಕಟ್ಟಿದೆ. ಐದು ಗಂಟೆವರೆಗೆ ಕಾಯ್ತೀನಿ. ಆಮೇಲೆ ಕಡತ ಮುಚ್ತೀನಿ.”

ದರ್ಜಿ ಬಂದಿದ್ದಾರೆ. ಹೊರಗಿನ ಬೆಂಚಿನಲ್ಲಿ ಕೂತಿದ್ದಾರೆ. ಅಂಗಡಿಯಿಂದ ಹಾಗೇ ಬಂದದ್ದು, ಅಳತೆಯ ಟೇಪು ಇನ್ನೂ ಕುತ್ತಿಗೆಯಲ್ಲಿದೆ. ತಮ್ಮನ ಹೆಂಡತಿ ಎದುರು ನಿಂತಿದ್ದಾಳೆ. ಗಂಟೆ ನಾಲ್ಕು ಹತ್ತು.

“ಭಾವ, ಏಳಿ. ಕರೀತಿದಾರೆ.”

“ನಾನು ಏನಂತ ಹೇಳ್ಲಿ?”

“ನಡೆದದ್ದು ಹೇಳಿ ಸಾಕು. ಕಲ್ಲು ಕೊಂಡು ತಂದೆ ಅನ್ನಿ.”

“ಅಂದ್ರೆ ಕಲ್ಲು ಇರಲಿಲ್ಲ ಅಂತ ನನ್ನ ಬಾಯಲ್ಲೇ ಹೇಳ್ಬೇಕು. ಆ ಮೇಲ್ವಿಚಾರಕ ಅಲ್ಲೇ ಕೂತಿದಾನೆ. ನೋಡಿ, ಕಳ್ಳನ ಅಣ್ಣ ಒಪ್ಕೊಂಡ ಅಂತಾನೆ.”

“ಕಳ್ಳ ಅಲ್ಲ ದರ್ಜಿಯವರೇ,” ಪಟ್ಟಿಯಕ್ಕ ನಡುವೆ ಬರುತ್ತಾರೆ. “ಕೆಲಸದಲ್ಲಿದ್ದ ಅಂತ ಆಗುತ್ತೆ. ಕಲ್ಲು ಅಂಗಡೀಲಿತ್ತು. ಅಂಗಡಿಯವನೇ ನಮ್ಮ ಹತ್ರ ಹೇಳಿದಾನೆ.”

“ಇಲ್ಲಿ ಬಂದು ಹೇಳಿದ್ನಾ? ಇಲ್ಲ ತಾನೆ? ಅವನಿಗೆ ವ್ಯಾಪಾರ ಇದೆ. ನಂಗೆ ಮಾನ ಇಲ್ವಾ? ಸುಳ್ಳು ಕಾಗದಕ್ಕೆ ಸಹಿ ಹಾಕಿದೆ ಅಂತ ನನ್ನ ಒಳಗೆ ಹಾಕಿದ್ರೆ ಯಾರು ಬಿಡಿಸ್ತಾರೆ? ನೀವು ಬಿಡಿಸ್ತೀರಾ?”

ಹೆಂಡತಿಯ ದನಿ ಏರುತ್ತದೆ. ಬೆಂಚಿನವರೆಲ್ಲ ತಿರುಗಿ ನೋಡುತ್ತಾರೆ. “ಯಾರ ಮಾನ ಭಾವ? ನಿಮ್ಮದಾ, ಅವರದಾ? ಅವರ ಹೆಣ ಇನ್ನೂ ಆಸ್ಪತ್ರೇಲಿದ್ದಾಗ ಕಲ್ಲಿಗೆ ಮಸಿ ಬಳೀತಾ ಕೂತಿದ್ರಲ್ಲ. ಅವತ್ತು ನನ್ನನ್ನ ಒಂದು ಮಾತು ಕೇಳಿದ್ರಾ? ಕಲ್ಲು ಎಲ್ಲಿ ಹೋಯ್ತಮ್ಮಾ ಅಂತ ಒಂದೇ ಒಂದು ಮಾತು? ಹೇಳ್ತಿದ್ದೆ. ನೀವು ಕೇಳಲಿಲ್ಲ. ಯಾಕಂದ್ರೆ ನೀವೂ ನಂಬಿಬಿಟ್ರಿ. ಅವರು ಕದ್ದಿದ್ರು ಅಂತ ನೀವೇ ಮೊದಲು ನಂಬಿದ್ರಿ!”

ದರ್ಜಿಯ ಮುಖ ಬೂದಿಯಾಗುತ್ತದೆ. ಕುತ್ತಿಗೆಯ ಟೇಪನ್ನು ಎಳೆದು ಮುಷ್ಟಿಗೆ ಸುತ್ತಿಕೊಳ್ಳುತ್ತಾರೆ. ಎದ್ದು ನಿಲ್ಲುತ್ತಾರೆ. ಒಳಗೆ ಹೋಗಲೆಂದೇ ಎದ್ದರು ಎಂದುಕೊಂಡು ಜವಾನ ಬಾಗಿಲು ತೆರೆದು ಹಿಡಿಯುತ್ತಾನೆ. ದರ್ಜಿ ಆ ಬಾಗಿಲನ್ನು ನೋಡುತ್ತಾರೆ, ಒಳಗೆ ಕಾಲ ಮೇಲೆ ಕಾಲು ಹಾಕಿ ಕೂತ ಮೇಲ್ವಿಚಾರಕನನ್ನು ನೋಡುತ್ತಾರೆ.

“ನೀರು ಕುಡಿದು ಬರ್ತೀನಿ,” ಎನ್ನುತ್ತಾರೆ.

ಮೆಟ್ಟಿಲಿನಲ್ಲಿ ಅವರ ಚಪ್ಪಲಿಯ ಸದ್ದು ಸ್ವಲ್ಪ ಹೊತ್ತು ಕೇಳುತ್ತದೆ. ನೀರಿನ ನಲ್ಲಿ ಇರುವುದು ಇದೇ ಮಹಡಿಯಲ್ಲಿ, ಬೆಂಚಿನಿಂದ ಹತ್ತು ಹೆಜ್ಜೆ.

“ಬರ್ತಾರೆ ಕೂತ್ಕೋ ತಂಗಿ,” ಎಂದು ಪಟ್ಟಿಯಕ್ಕ ಅವಳ ಕೈ ಹಿಡಿಯುತ್ತಾರೆ.

ನಾಲ್ಕೂವರೆಗೆ ಜವಾನ ಒಂದು ಸಲ ಹೆಸರು ಕೂಗುತ್ತಾನೆ. ನಾಲ್ಕೂ ಮುಕ್ಕಾಲಿಗೆ ಇನ್ನೊಂದು ಸಲ. ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತವೆ. ಹೆಂಡತಿ ಕಿಟಕಿಯ ಹತ್ತಿರ ಹೋಗಿ ಕೆಳಗೆ ರಸ್ತೆ ನೋಡುತ್ತ ನಿಲ್ಲುತ್ತಾಳೆ. ಬಸ್ಸು ಬಂದು ಜನರನ್ನು ಹತ್ತಿಸಿಕೊಂಡು ಹೋಗುತ್ತದೆ, ಅದರ ಹಿಂದೆ ಇನ್ನೊಂದು ಬರುತ್ತದೆ. ಐದಕ್ಕೆ ಐದು ನಿಮಿಷವಿರುವಾಗ ಜವಾನ ಕೊನೆಯ ಸಲ, ಬಿಲ್ಡಿಂಗು ನಡುಗುವ ಹಾಗೆ, ಮೆಟ್ಟಿಲಿನ ಕಡೆಗೆ ತಿರುಗಿ ಕೂಗುತ್ತಾನೆ.

ಮೆಟ್ಟಿಲು ಹತ್ತಿ ಯಾರೂ ಬರುವುದಿಲ್ಲ.